ಒಗೆಯದ ಅಂಗಿ ಕೇಳುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಈ ತಾಣದಲ್ಲಿ ಆಗಲೇ ಪೊರಕೆಯ ಸದ್ದು ಶುರುವಾಗಿದೆ. ರಬ್ಬರ್ ಬೂಟು ಹಾಕಿಕೊಂಡು ಗೂಡುಗಳನ್ನು ಒಂದೊಂದಾಗಿ ಉಜ್ಜುತ್ತಾ ಬರುವವರನ್ನು ಎಲ್ಲರೂ ಕರೆಯುವುದು ಫಿನಾಯಿಲ್ ಅಕ್ಕ ಅಂತ. ಕೊನೆಯ ಗೂಡಿನಲ್ಲಿ ಗಿಡ್ಡ ಇದ್ದಾನೆ. ಉದ್ದ ಮೈ, ಮೋಟು ಕಾಲು, ಯಾವ ತಳಿಗೂ ಒಪ್ಪದ ಬಣ್ಣದ ಪುಟ್ಟ ಮರಿ. ಇದು ಯಾವ ಜಾತಿ ಅಂತ ಯಾರಾದರೂ ಕೇಳಿದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತದೆ. ನಾಯಿ ಜಾತಿ ಅನ್ನುತ್ತಾರೆ.

ಗುಡಿಸುವುದು, ತೊಳೆಯುವುದು, ತಟ್ಟೆ ಇಡುವುದು ಇವರ ಕೆಲಸ. ಕೈ ಬಿರುಕು ಬಿಟ್ಟಿದೆ, ಮಂಡಿ ಹಿಡಿದುಕೊಂಡಿದೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಾರಂತೆ. ಮರಿಯನ್ನು ಯಾರಿಗೆ ಕೊಡಬೇಕು ಅನ್ನುವುದು ಮ್ಯಾನೇಜರ್‌ಗೆ ಬಿಟ್ಟದ್ದು. ಆದರೆ ಅಕ್ಕ ತಾವೇ ಮಾಡಿಟ್ಟ ಪದ್ಧತಿ ಒಂದಿದೆ. ಒಯ್ಯುವವರು ತಾವು ತೊಟ್ಟು ಬಿಚ್ಚಿದ ಬಟ್ಟೆಯೊಂದನ್ನು ಒಗೆಯದೆ ತಂದುಕೊಡಬೇಕು. ಕೆಲವು ರಾತ್ರಿ ಅದರ ಮೇಲೆ ಮಲಗಿ, ಆ ಮನೆಯ ವಾಸನೆ ಕಲಿತ ಮೇಲೆಯೇ ಮರಿ ಹೊರಡಬೇಕು.

ಗಿಡ್ಡನನ್ನು ಮೊದಲು ಒಯ್ದ ದಂಪತಿ ತಂದದ್ದು ಒಗೆದು, ಇಸ್ತ್ರಿ ಮಾಡಿ, ಸೆಂಟು ಹೊಡೆದ ಟವೆಲ್. ಬೆವರಿನ ಬಟ್ಟೆ ಕೊಡಲು ಮರ್ಯಾದೆ ಅಡ್ಡ ಬಂತಂತೆ. ಇದು ಆಗಲ್ಲ ಅಂತ ಅಕ್ಕ ಅಂದರೆ, ನಡೆಯುತ್ತೆ ಬಿಡಿ ಅಂದರು ಮ್ಯಾನೇಜರ್. ಹೊಸ ಮನೆಯಲ್ಲಿ ಮರಿ ಅತ್ತಿತು, ಬಾಗಿಲು ಕೆರೆಯಿತು. ಮಕ್ಕಳೂ ಅಳುತ್ತವೆ, ಅವನ್ನು ಯಾರೂ ಗೇಟಿಗೆ ಕಟ್ಟುವುದಿಲ್ಲ. ಇವರು ಕಟ್ಟಿದರು. ಯಾರೂ ಏಳುವ ಮುಂಚೆ ಬಂದು, ತಾಣದ ಗೇಟಿಗೆ ಬಿಗಿದು, ಕೈ ತೊಳೆದುಕೊಂಡು ಹೋದರು.

"ನಾನೇ ಹಗ್ಗ ಬಿಚ್ಚಿದೆ. ಆದ್ರೂ ಅಲ್ಲಿಂದ ಏಳ್ಲಿಲ್ಲ. ರಸ್ತೆ ಕಡೆನೇ ನೋಡ್ತಾ ಕೂತಿತ್ತು. ಅಂಥೋರು ಬರ್ತಾರೆ ಅಂತ ಕಾಯ್ತಿತ್ತು, ನೋಡಿ."

ಹೇಳುತ್ತಾ ಅಕ್ಕ ಪೊರಕೆಯನ್ನು ನೆಲಕ್ಕೆ ಕುಕ್ಕುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನೂ ಬಾಯಿಗೆ ಬಂದ ಬೈಗುಳ ನುಂಗಿಕೊಳ್ಳುತ್ತೇನೆ. ಬೆಳೆದುಬಿಡ್ತು, ಬೊಗಳುತ್ತೆ ಅಂತ ವಾಪಸ್ ತರುವವರು ಇಲ್ಲಿ ವಾರಕ್ಕೊಬ್ಬರಾದರೂ ಇದ್ದಾರಂತೆ. ನಾಯಿ ಬೊಗಳದೆ ಇನ್ನೇನು, ಹಾಡು ಹೇಳಬೇಕಿತ್ತೇ?

ಈಗ ಗಿಡ್ಡನನ್ನು ಕೇಳಿಕೊಂಡು ಬಸ್ ಡ್ರೈವರ್ ಒಬ್ಬರು ಬಂದಿದ್ದಾರೆ. ಕಳೆದ ವಾರ ಬಂದಾಗ, ಇಡೀ ದಿನ ಗಾಡಿ ಓಡಿಸಿದ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಾಚಿಕೊಂಡು ಕೊಟ್ಟರಂತೆ. ಡೀಸೆಲ್ಲು, ಬೆವರು, ನಾತವೋ ನಾತ. ಅಕ್ಕನಿಗೆ ಖುಷಿಯೋ ಖುಷಿ. ಗಿಡ್ಡ ಅಂಗಿಯ ತೋಳಿನೊಳಗೆ ಮೂತಿ ತೂರಿಸಿ ನಿದ್ದೆ ಮಾಡಿದ. ಇವತ್ತು ಅವನು ಹೊರಡುವ ದಿನ.

ಅಷ್ಟರಲ್ಲಿ ಮ್ಯಾನೇಜರ್ ಬರುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಆ ದಂಪತಿ ಫೋನ್ ಮಾಡಿದ್ದರಂತೆ, ಮಗಳು ಮರಿಗಾಗಿ ಹಟ ಹಿಡಿದಿದ್ದಾಳಂತೆ, ದೊಡ್ಡ ಮನುಷ್ಯರಂತೆ, ಇನ್ನೊಂದು ಅವಕಾಶ ಕೊಟ್ಟು ನೋಡಬಹುದಂತೆ. ಡ್ರೈವರ್ ಪಾಪ, ಗೂಡಿನ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಕ್ಕ ಗೂಡಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿಯುತ್ತಾರೆ.

"ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ, ಸರ್. ಈ ಮರೀನ ಮತ್ತೆ ಆ ಮನೆಗೆ ಕಳಿಸೋಕೆ ನನ್ನ ಕೈಲಾಗಲ್ಲ."

ಕಡ್ಡಿ ಮುರಿದ ಹಾಗೆ ಹೇಳಿ ಗೂಡು ತೆರೆಯುತ್ತಾರೆ. ಅಂಗಿ ಸಮೇತ ಗಿಡ್ಡನನ್ನು ಎತ್ತಿ ಡ್ರೈವರ್ ತೋಳಿಗೆ ಹಾಕುತ್ತಾರೆ. ಮರಿ ಮೊದಲು ಅಂಗಿಯನ್ನು ಮೂಸುತ್ತದೆ, ಆಮೇಲೆ ಮನುಷ್ಯನನ್ನು. ಬಾಲ ಅಲ್ಲಾಡತೊಡಗುತ್ತದೆ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ಆಮೇಲೆ ಮಾತಾಡೋಣ ಅಂದು ಒಳಗೆ ಹೋಗುತ್ತಾರೆ. ಕೆಲಸ ಉಳಿಯುತ್ತದೋ ಇಲ್ಲವೋ, ಅಕ್ಕನಿಗೂ ಗೊತ್ತಿಲ್ಲ. ಖಾಲಿಯಾದ ಗೂಡಿಗೆ ನೀರು ಹೊಯ್ದು ಉಜ್ಜುತ್ತಿದ್ದಾರೆ.

ಡ್ರೈವರ್ ಮನೆ ಇಲ್ಲೇ ಹತ್ತಿರದಲ್ಲಿದೆ, ಆಗಾಗ ಹೋಗಿ ನೋಡಿಕೊಂಡು ಬರಬಹುದಲ್ಲ ಅನ್ನುತ್ತೇನೆ. ನನ್ನನ್ನು ದುರುಗುಟ್ಟಿ ನೋಡುತ್ತಾರೆ.

"ಯಾಕೆ ಹೋಗ್ಲಿ? ನನ್ನ ಕಂಡ್ರೆ, ವಾಪಸ್ ಕರ್ಕೊಂಡು ಹೋಗೋಕೆ ಬಂದ್ಳು ಅಂತ ಹೆದರ್ಕೊಳಲ್ವಾ? ಅದು ನನ್ನ ಮರ್ತುಬಿಡ್ಲಿ. ಅಷ್ಟು ಸಾಕು."