ಅಂಗಡಿಯಲ್ಲಿ ಕೋಲು ಹಿಡಿದವರು

ಮೂರು ವರ್ಷದ ಹಿಂದಿನ ಮಾತು. ಸೂಳೆಕೆರೆ ಏರಿಯ ಹತ್ತಿರ ನನ್ನದೊಂದು ಗಾಳದ ಅಂಗಡಿ. ಗಂಡ ಇಟ್ಟದ್ದು, ಅವರು ಹೋದ ಮೇಲೆ ನಾನೇ ಕೂರುತ್ತೇನೆ. ಓದಿದ್ದು ಮೂರನೇ ಕ್ಲಾಸು. ಆದರೂ ಯಾವ ಕೈಗೆ ದಾರ ಸುತ್ತುವ ಯಾವ ರೀಲು ಎಂಬುದು ಗೊತ್ತು ಎಂದುಕೊಂಡಿದ್ದೆ.

ಕೆರೆಬಿಳಚಿಯ ಹಾಲಪ್ಪ ಹೆಂಡತಿ ಗಂಗಮ್ಮನ ಜೊತೆ ಬಂದ. ಲಕ್ವಾ ಹೊಡೆದು ಬಲಗೈ ಸತ್ತಿತ್ತು. ಅದಕ್ಕೆ ಮುಂಚೆ ಬರಿಗೈಲಿ ದಾರ ಎಸೆದು ಮೀನು ಹಿಡಿಯುತ್ತಿದ್ದವನು, ರೀಲು ಮುಟ್ಟಿದವನೇ ಅಲ್ಲ.

“ಅಂಗಿ ಗುಂಡಿ ಹಾಕಾಕೂ ಇವಳೇ ಬೇಕು ಅಕ್ಕ. ಒಂದು ಮೀನಾದ್ರೂ ನಾನೊಬ್ಬನೇ ಹಿಡೀಬೇಕು. ಎಡಗೈಗೆ ಆಗೋ ರೀಲು ಕೊಡ್ರಿ” ಎಂದ.

“ಕೊಡ್ರಿ ಅಕ್ಕ, ಕೆರೆ ದಂಡೇಲಿ ಕುಂತ್ರೆ ನನಗೆ ಬೈಗುಳ ಕಮ್ಮಿ ಆಗ್ತಾವೆ” ಎಂದಳು ಗಂಗಮ್ಮ.

ಮೂರು ಥರದ ರೀಲು ಮುಂದಿಟ್ಟೆ. ನನ್ನಲ್ಲಿದ್ದ ಬೇಟ್‌ಕಾಸ್ಟಿಂಗ್ ರೀಲಿನ ತಿರುಗಿಸುವ ಹಿಡಿ ಬಲಕ್ಕಿತ್ತು, ಎಡಕ್ಕೆ ಬದಲಿಸಲು ಬರುವುದಿಲ್ಲ. ಎಸೆಯುವಾಗ ಹೆಬ್ಬೆರಳಲ್ಲಿ ತಡೆಯದಿದ್ದರೆ ದಾರ ಸಿಕ್ಕಾಗಿ ಗೂಡು ಕಟ್ಟುತ್ತದೆ. ಮುಚ್ಚಿದ ರೀಲಿಗೆ ಗುಂಡಿ ಒತ್ತಿದರೆ ಸಾಕು, ಆದರೆ ನನ್ನಲ್ಲಿದ್ದದ್ದು ಸಣ್ಣ ಮೀನಿಗಷ್ಟೇ ತಡೆಯುವಂಥದ್ದು. ಉಳಿದದ್ದು ಸ್ಪಿನ್ನಿಂಗ್ ರೀಲು. ಅದರ ಹಿಡಿಯನ್ನು ಎಡಕ್ಕೂ ಹಾಕಬಹುದು. ಹಾಕಿದೆ. ಗಾಳ ಎಸೆದ ಮೇಲೆ ಕೋಲನ್ನು ನೆಲಕ್ಕೆ ಹೊಡೆದ ಪೈಪಿನಲ್ಲಿ ನಿಲ್ಲಿಸಿ, ಎಡಗೈಲಿ ತಿರುಗಿಸು ಎಂದೆ.

ಅಲ್ಲೇ ಪರೀಕ್ಷೆ ಆಯಿತು. ಮೀನಿನ ಹಾಗೆ ದಾರ ಜಗ್ಗಿದೆ, ಅವನು ಸುತ್ತಿದ. ನಕ್ಕ. ಗಂಗಮ್ಮ ಸೆರಗಲ್ಲಿ ಮುಖ ಒರೆಸಿಕೊಂಡಳು.

ಹಾಲಪ್ಪ ಮೂರು ವಾರ ಏರಿ ಕೆಳಗೆ ಕೂತ. ಮೀನು ಕಚ್ಚುತ್ತಿತ್ತು, ಬರುತ್ತಿರಲಿಲ್ಲ. ಕಚ್ಚಿದ ಮೀನು ಪಕ್ಕಕ್ಕೆ ಓಡಿದಾಗ ಕೋಲನ್ನೂ ಅದರ ಹಿಂದೆ ತಿರುಗಿಸಬೇಕು, ಹಿಡಿಯನ್ನೂ ಸುತ್ತಬೇಕು. ಕೋಲಿಗೆ ಕೈ ಹಾಕಿದರೆ ದಾರ ಸಡಿಲ. ಹಿಡಿಗೆ ಹಾಕಿದರೆ ಪೈಪೇ ಕಿತ್ತು ಬರುತ್ತಿತ್ತು. ಕೊನೆಗೊಂದು ದಿನ ಕೋಲನ್ನು ತೊಡೆಸಂದಿಯಲ್ಲಿ ಒತ್ತಿಕೊಂಡು ಏಳಹೋಗಿ ಮುಗ್ಗರಿಸಿ ಬಿದ್ದ. ಬಟ್ಟೆ ಒಗೆಯುತ್ತಿದ್ದ ಗಂಗಮ್ಮ ಓಡಿ ಬಂದು ಕೋಲು ಹಿಡಿದು ರೋಹು ಮೀನನ್ನು ಎಳೆದಳು. ಆ ಮೀನಿನ ಸಾರನ್ನು ಅವನು ಬಾಯಿಗೆ ಹಾಕಲಿಲ್ಲ.

ಮರುದಿನ ಒಬ್ಬನೇ ಬಂದು ರೀಲನ್ನು ಗಲ್ಲಾದ ಮೇಲಿಟ್ಟ.

“ಅಕ್ಕ, ಅವತ್ತು ಇಲ್ಲಿ ಸುತ್ತಾಕೆ ಆಯ್ತಲ್ಲ, ಕೋಲು ಯಾರು ಹಿಡಿದಿದ್ರು?”

ನೆನಪು ಮಾಡಿಕೊಂಡೆ. ಒಂದು ಕೈಲಿ ದಾರ ಜಗ್ಗುತ್ತಾ ಇನ್ನೊಂದರಲ್ಲಿ ಕೋಲನ್ನು ಗಲ್ಲಾ ಮೇಜಿಗೆ ಒತ್ತಿ ಹಿಡಿದಿದ್ದೆ. ಬಂದ ಗಿರಾಕಿಗೆಲ್ಲ ಹಾಗೇ ಹಿಡಿಯುತ್ತೇನೆ, ರೂಢಿ.

“ನಾನೇ” ಎಂದೆ.

“ಅವತ್ತೇ ಹೇಳಿದ್ರೆ ಅವತ್ತೇ ಬಿಡ್ತಿದ್ದೆ.”

“ಇನ್ನೊಂದು ಥರ ನೋಡಾಣ, ಕುಂತ್ಕೋ.”

“ಯಾವ ಥರಾನೂ ಬ್ಯಾಡ್ರಿ. ರೀಲಿಂದೇನೂ ತಪ್ಪಿಲ್ಲ.”

ಹೋದ. ಮತ್ತೆ ಕೆರೆ ಕಡೆ ಬರಲಿಲ್ಲ. ಈಗ ಜಗಲಿ ಮೇಲೆ ಕೂತಿರುತ್ತಾನೆ, ಗಂಗಮ್ಮ ಗುಂಡಿ ಹಾಕುತ್ತಾಳೆ, ಇವನು ಬೈಯುತ್ತಾನೆ.

ಅಂದಿನಿಂದ ಗಿರಾಕಿ ರೀಲು ನೋಡುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತೇನೆ. ಆಮೇಲೆ ಅವನಂತೆ ಒಂದೇ ಕೈ ಆಡುವವರು ಇನ್ನಿಬ್ಬರು ಬಂದರು. ಇಬ್ಬರೂ ಒಂದೇ ಕೈಲಿ ಕೋಲೂ ಹಿಡಿದು ದಾರವನ್ನೂ ಸುತ್ತಲಾಗದೆ ಅಂಗಡಿಯಲ್ಲೇ ಸೋತು, ಬರಿಗೈಲಿ ಹೋದರು. ನಾನು ಕಲಿತದ್ದು ಅಷ್ಟೇ.