ಟೇಪಕ್ಕನ ಬಸ್ಸಿನ ಕಿಟಕಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋದ ಹಿಂದಿನ ಅಂಗಳದಲ್ಲಿ ನೀರಿನ ಪೈಪು ಸಿಟ್ಟಿಗೆದ್ದ ಹಾವಿನ ಹಾಗೆ ಹೊರಳುತ್ತಿದೆ. ಅದರ ಕುತ್ತಿಗೆ ಹಿಡಿದು ನಿಂತ ಹೆಂಗಸು ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡಿದ್ದಾರೆ. ಬಸ್ಸಿನ ನೆತ್ತಿಯಿಂದ ಶುರು ಮಾಡಿ ಕಿಟಕಿಗಿಳಿಯುತ್ತಾರೆ, ಕೊನೆಗೆ ಚಕ್ರ. "ಕೆಳಗಿಂದ ಶುರು ಮಾಡಿದ್ರೆ ಮಾಡಿದ್ದನ್ನೇ ಮಾಡ್ತಾ ಇರ್ಬೇಕು," ಎನ್ನುತ್ತಾರೆ, ಪೈಪು ಬಿಡದೆ.

ಒಳಗಿನ ಕೆಲಸ ಇನ್ನೂ ಹೊಲಸು. ಸೀಟಿನಡಿ ತುರುಕಿದ ಕಾಗದ, ಯಾರದೋ ಮಗುವಿನ ವಾಂತಿ, ಗಾಜಿಗೆ ತಲೆಯಾನಿಸಿ ನಿದ್ದೆ ಹೋದವರ ಎಣ್ಣೆಯ ಗುರುತು. ಒಂದು ಪಾಳಿಯಲ್ಲಿ ಇವರ ಪಾಲಿಗೆ ಆರೇಳು ಬಸ್ಸು. ಬಸ್ಸು ಗಲೀಜಾಗಿದ್ದರೆ ಊರೆಲ್ಲ ಬೈಯುತ್ತದೆ. ಥಳಥಳ ಅಂದರೆ, ತೊಳೆದವರು ಯಾರು ಎಂದು ಒಂದು ನರಪಿಳ್ಳೆಯೂ ಕೇಳುವುದಿಲ್ಲ. ಪ್ರಶಸ್ತಿ ಹಂಚುವ ಮಹನೀಯರು ಹಾಸಿಗೆಯಿಂದ ಏಳುವ ಹೊತ್ತಿಗೆ ಈಕೆಯ ಅರ್ಧ ದಿನ ಮುಗಿದಿರುತ್ತದೆ.

ನೀರು ಸಿಡಿಯದಷ್ಟು ದೂರದ ಒಂದು ಮೊಳೆಗೆ ಕ್ಯಾಮೆರಾ ತೂಗುಬಿದ್ದಿದೆ. ಪೂರಾ ಪ್ಲಾಸ್ಟಿಕ್ಕು, ಲೆನ್ಸು ಕೂಡ. ಮಕ್ಕಳ ಆಟದ ಸಾಮಾನು ಅಂದುಕೊಂಡರೆ ತಪ್ಪಿಲ್ಲ. ಆದರೆ ರೀಲು ಹಾಕಿದರೆ ಚಿತ್ರ ಬರುತ್ತದೆ. ಸಂದುಗೊಂದುಗಳಿಂದ ಬೆಳಕು ನುಗ್ಗಿ ರೀಲು ಹಾಳಾಗುತ್ತದೆಂದು ಅದರ ಮೈತುಂಬ ಕಪ್ಪು ಟೇಪು ಸುತ್ತಿದ್ದಾರೆ. ಅದಕ್ಕೇ ಡಿಪೋದಲ್ಲಿ ಎಲ್ಲರಿಗೂ ಈಕೆ ಟೇಪಕ್ಕ.

ಯಾರೋ ಪ್ರಯಾಣಿಕರು ಬಿಟ್ಟುಹೋಗಿ, ಮತ್ತೆ ಕೇಳಿಕೊಂಡು ಯಾರೂ ಬಾರದೆ, ಡಿಪೋದ ಕಪಾಟಿನಲ್ಲಿ ವರ್ಷಗಟ್ಟಲೆ ಧೂಳು ತಿಂದು ಕೊನೆಗೆ ಈಕೆಯ ಕೈ ಸೇರಿದ ಕ್ಯಾಮೆರಾ ಅದು. ಟೇಪಕ್ಕನ ಗಂಡ ಇದೇ ಡಿಪೋದಲ್ಲಿ ಟೈರು ಬಿಚ್ಚುತ್ತಿದ್ದವರು. ಜಾಕು ಜಾರಿ ಸೊಂಟ ಹೋಯಿತು. ಆಮೇಲೆ ಹೆಂಡತಿಗೆ ಕೆಲಸವಾಯಿತು. ಅವರೀಗ ಮನೆಯಲ್ಲಿ ಕೂತು ಕೊಡೆ, ಸ್ಟೌವು ರಿಪೇರಿ ಮಾಡುತ್ತಾರೆ. ಕ್ಯಾಮೆರಾಕ್ಕೆ ಮೊದಲ ಸುತ್ತಿನ ಟೇಪು ಹಾಕಿದ್ದು ಅವರೇ. ಒಂದೇ ಕೋಣೆಯ ಮನೆ. ಅದರ ಮೂಲೆಯಿಂದ ಅತ್ತೆ ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿನ ಮಲ್ಲಿಗೆಯನ್ನು ದಿನಕ್ಕೊಮ್ಮೆಯಾದರೂ ನೆನಪಿಸುತ್ತಾರೆ. ಸೊಸೆ ಅಲ್ಲಗಳೆಯುವುದಿಲ್ಲ. ತಿಂಗಳಿಗೆ ಒಂದೇ ರೀಲು ಕೊಳ್ಳುತ್ತಾರೆ, ಆದರೆ ಕೊಂಡೇ ಕೊಳ್ಳುತ್ತಾರೆ.

ಆ ರೀಲನ್ನು ತೊಳೆದು ಫೋಟೋ ಮಾಡಿಕೊಡುವವರು ಪೇಟೆಯ ಹಳೇ ಸ್ಟುಡಿಯೋ ಮಾಲೀಕರು. ಫೋನು ಬಂದ ಮೇಲೆ ಗಿರಾಕಿಯಿಲ್ಲ, ಕತ್ತಲೆ ಕೋಣೆ ಮಾತ್ರ ಉಳಿದಿದೆ. ಮಹಡಿಯ ಮೇಲೆ ಪ್ರತಿ ಭಾನುವಾರ ರೀಲಿನ ಹುಚ್ಚಿರುವವರು ಸೇರುತ್ತಾರೆ. ಹಲ್ಲಿನ ಡಾಕ್ಟರು, ಔಷಧಿ ಅಂಗಡಿಯವರು, ಒಬ್ಬ ಟೀಚರು, ಹೀಗೆ. ಗೋಡೆಯಿಂದ ಗೋಡೆಗೆ ಕಟ್ಟಿದ ದಾರಕ್ಕೆ ಫೋಟೋಗಳನ್ನು ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ, ಹೆಸರು ಬರೆಯುವ ಹಾಗಿಲ್ಲ. ಎಲ್ಲರೂ ಹಿಗ್ಗಾಮುಗ್ಗಾ ಮಾತಾಡಬಹುದು, ತೆಗೆದವರು ಮಾತ್ರ ಬಾಯಿ ಬಿಡಬಾರದು. ಸರಿಯಿಲ್ಲ ಅನ್ನಿಸಿದ ಫೋಟೋವನ್ನು ಯಾರು ಬೇಕಾದರೂ ಕಾರಣ ಹೇಳಿ ಇಳಿಸಬಹುದು. ಕೊನೆಗೆ ದಾರದ ಮೇಲೆ ಉಳಿದದ್ದರ ಮುಂದೆ ಸ್ಟುಡಿಯೋದವರು ನಿಂತು "ಯಾರ್ದು?" ಎನ್ನುತ್ತಾರೆ. ಆಗ "ನಂದು" ಅನ್ನಬಹುದು. ಹಾಗೆ ಉಳಿದ ಫೋಟೋಗಳು ವರ್ಷಕ್ಕೊಮ್ಮೆ ಬಸ್ ನಿಲ್ದಾಣದ ಗೋಡೆ ಏರುತ್ತವೆ.

ಟೇಪಕ್ಕ ಮೂರು ವರ್ಷ ಆ ಮಹಡಿ ಹತ್ತಿದ್ದಾರೆ. "ನಂದು" ಅನ್ನುವ ಭಾಗ್ಯ ಒಂದು ಸಲವೂ ಬಂದಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಇಳಿಸಿದವರು ಹಲ್ಲಿನ ಡಾಕ್ಟರು. ಬಸ್ಸು ತೊಳೆಯುವ ಹೆಂಗಸರ ಚಿತ್ರಗಳನ್ನೇ ಟೇಪಕ್ಕ ತರುತ್ತಿದ್ದರು. ಡಾಕ್ಟರು ಒಂದು ಭಾನುವಾರ ಸಾಲಾಗಿ ನಾಲ್ಕನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ಬರೀ ಬೆನ್ನು. ಇವರನ್ನ ತೆಗೆದೋರು ಇವರಿಗೇ ಹೆದರಿದಾರೆ," ಎಂದರು. ಮಾರನೇ ಬೆಳಿಗ್ಗೆ ಟೇಪಕ್ಕ ಒಂದು ಬಸ್ಸನ್ನು ಬಣ್ಣ ಕಿತ್ತುಬರುವ ಹಾಗೆ ಉಜ್ಜಿದರಂತೆ. "ಸುಳ್ಳು ಹೇಳಿದ್ರೆ ಸಿಟ್ಟು ಬರ್ತಿರ್ಲಿಲ್ಲ. ಅವ್ರು ಹೇಳಿದ್ದು ನಿಜ. ಒದ್ದೆ ಬಟ್ಟೇಲಿ ಇರೋರನ್ನ ಎದುರು ನಿಂತು ಹೇಗೆ ಕೇಳೋದು ಅಂತ ಹಿಂದಿನಿಂದ ಕದೀತಿದ್ದೆ."

ಕೇಳಿಯೇಬಿಟ್ಟರು. ತೊಳೆಯುವವರಲ್ಲೇ ಹಿರಿಯರಾದ ದೊಡ್ಡಕ್ಕ, ಈ ಮುಖ ನೋಡಿ ಕ್ಯಾಮೆರಾ ಒಡೆದರೆ ತನ್ನನ್ನು ಕೇಳಬೇಡ ಎನ್ನುತ್ತ ವರ್ಕ್‌ಶಾಪಿನ ಕತ್ತಲೆ ಬಾಗಿಲಿಗೆ ಬೆನ್ನು ಮಾಡಿ, ಬಿಸಿಲಿಗೆ ಮುಖವೊಡ್ಡಿ ಕೂತರು. ಅವರು ಒಪ್ಪಿದ ಖುಷಿಯಲ್ಲಿ ಟೇಪಕ್ಕ ಒಂದು ಎಡವಟ್ಟು ಮಾಡಿಕೊಂಡರು. ಈ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದ ಮೇಲೆ ರೀಲನ್ನು ಕೈಯಾರೆ ಮುಂದೆ ತಿರುಗಿಸಬೇಕು. ಮರೆತು ಒತ್ತಿದರೆ ಅದು ಬೇಡ ಎನ್ನುವುದಿಲ್ಲ, ಹಿಂದಿನ ಚಿತ್ರದ ಮೇಲೇ ಹೊಸದನ್ನು ಹತ್ತಿಸಿಬಿಡುತ್ತದೆ. ಹಿಂದಿನದು ರಿಪೇರಿಗೆ ನಿಂತ ಖಾಲಿ ಬಸ್ಸು. ತೊಳೆದು ಬಂದ ಫೋಟೋದಲ್ಲಿ ಆ ಬಸ್ಸಿನ ಕಪ್ಪು ಕಿಟಕಿಯೊಳಗೆ ದೊಡ್ಡಕ್ಕ ರಾಣಿಯ ಹಾಗೆ ಕೂತಿದ್ದರು.

ಭಾನುವಾರ ಅದೂ ಇಳಿಯಿತು. ಚೆನ್ನಾಗಿದೆ, ಆದರೆ ಇದು ತೆಗೆದದ್ದಲ್ಲ, ಆದದ್ದು ಎಂದರು ಡಾಕ್ಟರು. ಸ್ಟುಡಿಯೋದವರು ಯಾರ ಮುಖವನ್ನೂ ನೋಡದೆ ಒಂದು ಮಾತು ಹೇಳಿದರು: "ಒಂದ್ಸಲ ಬಂದ್ರೆ ಕ್ಯಾಮೆರಾದ್ದು. ಇನ್ನೊಂದ್ಸಲ ಬಂದ್ರೆ ನಿಮ್ದು."

ನಿಲ್ದಾಣದ ಗೋಡೆಗೆ ಆಯ್ಕೆ ಮುಗಿಯುವುದಕ್ಕೆ ಒಂದೇ ಭಾನುವಾರ ಬಾಕಿಯಿತ್ತು. ಕೈಯಲ್ಲಿ ಒಂದೇ ರೀಲು, ಅದರಲ್ಲಿ ಹನ್ನೆರಡು ಚಿತ್ರ. ಪಾಳಿ ಮುಗಿದ ಮೇಲೆ, ಬಿಸಿಲೇರಿದಾಗ, ಟೇಪಕ್ಕ ಬಸ್ಸಿನೆದುರು ಇಟ್ಟಿಗೆಯಿಟ್ಟು ತಾವು ನಿಲ್ಲುವ ಜಾಗ ಗುರುತು ಮಾಡಿದರು. ವರ್ಕ್‌ಶಾಪಿನ ಬಾಗಿಲ ಮುಂದೆ ಬಕೆಟ್ಟು ಬೋರಲು ಹಾಕಿ ಕೂರುವ ಜಾಗ ಮಾಡಿದರು. ಕಿಟಕಿಗೊಂದು ಸಲ ಒತ್ತಬೇಕು, ಅದರ ಮೇಲೇ ಮುಖಕ್ಕೊಂದು ಸಲ. ನಡುವೆ ರೀಲು ತಿರುಗಿಸಬಾರದು, ಮುಗಿದ ಮೇಲೆ ಮರೆಯಬಾರದು. ಸುತ್ತ ನಿಂತ ಹೆಂಗಸರೇ ಕಾವಲಿಗೆ. "ಈಗ ಬೇಡ ಕಣೇ", "ಹ್ಞೂಂ, ಈಗ ತಿರುಗ್ಸು" ಎಂದು ಅಂಗಳವೆಲ್ಲ ಒಂದೇ ಗದ್ದಲ.

ಹನ್ನೆರಡರಲ್ಲಿ ಐದು ಕೆಟ್ಟವು. ಒಂದರಲ್ಲಿ ಹೆಡ್‌ಲೈಟಿಗೆ ಕಿವಿ ಮೂಡಿತ್ತು, ಇನ್ನೊಂದರಲ್ಲಿ ಟೈರು ನಗುತ್ತಿತ್ತು. ಉಳಿದ ಏಳನ್ನು ಭಾನುವಾರ ದಾರದ ಮೇಲೆ ಒತ್ತೊತ್ತಾಗಿ ಸಿಕ್ಕಿಸಿದಾಗ ಏಳು ಕಿಟಕಿಯ ಒಂದು ಬಸ್ಸಾಯಿತು. ಕಿಟಕಿಗೊಬ್ಬ ಹೆಂಗಸು. ಯಾರದೂ ಬೆನ್ನಲ್ಲ.

ಡಾಕ್ಟರು ಎದ್ದು ಹತ್ತಿರ ಹೋದರು. ಮೂರನೆಯದು ಮಬ್ಬಾಗಿದೆ ಎನ್ನುತ್ತ ಕ್ಲಿಪ್ಪಿಗೆ ಕೈ ಹಾಕಿದರು. ಆಮೇಲೆ ಕೈ ಹಿಂದಕ್ಕೆ ತೆಗೆದು, "ಇದನ್ನ ತೆಗೆದ್ರೆ ಬಸ್ಸೇ ನಿಂತುಹೋಗುತ್ತೆ," ಎಂದು ಬಂದು ಕೂತರು. ಬೇರೆ ಯಾರೂ ಏಳಲಿಲ್ಲ. ಸ್ಟುಡಿಯೋದವರು ಕೇಳಿದರು, ಯಾರದು ಎಂದು.

"ನಂದು," ಎಂದರು ಟೇಪಕ್ಕ. ಯಾರಿಗೂ ಸರಿಯಾಗಿ ಕೇಳಿಸದೆ, ಇನ್ನೊಂದು ಸಲ ಹೇಳಬೇಕಾಯಿತು. ಎರಡನೇ ಸಲ ಕೆಳಗಿನ ಬೀದಿಗೂ ಕೇಳಿಸಿರಬೇಕು.

ಈಗ ಆ ಬಸ್ಸು ನಿಲ್ದಾಣದ ಗೋಡೆಯ ಮೇಲಿದೆ. ಪಾಳಿ ಮುಗಿಸಿ, ಒಣಬಟ್ಟೆ ಉಟ್ಟು, ತೊಳೆಯುವ ಹೆಂಗಸರೆಲ್ಲ ಅದರ ಮುಂದೆ ಬಂದು ನಿಂತಿದ್ದಾರೆ. ಮನೆಯ ಮೂಲೆ ಬಿಟ್ಟು ಅತ್ತೆಯೂ ಬಂದಿದ್ದಾರೆ. ಕಣ್ಣು ಕಿರಿದು ಮಾಡಿ ನೋಡಿ, ತನ್ನನ್ನು ಯಾಕೆ ಕೂರಿಸಲಿಲ್ಲ ಎಂದು ಸೊಸೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾರೆ. ಹೆಗಲಿಗೆ ಚೀಲ ಹಾಕಿದ ಪ್ರಯಾಣಿಕರೊಬ್ಬರು, ಚಿತ್ರದಲ್ಲಿರುವವರು ಎಲ್ಲಿಗೆ ಹೊರಟವರು ಎಂದು ಕೇಳುತ್ತಾರೆ. ದೊಡ್ಡಕ್ಕ ಸೆರಗು ಸರಿ ಮಾಡಿಕೊಂಡು ಹೇಳುತ್ತಾರೆ: "ಎಲ್ಲಿಗೂ ಇಲ್ಲಪ್ಪ. ಬಸ್ಸೇ ನಮ್ದು."

ಜನ ಮುಟ್ಟಿ ಕೆಡಿಸುತ್ತಾರೆಂದು ಸ್ಟುಡಿಯೋದವರು ಚಿತ್ರಗಳನ್ನು ತುಂಬ ಎತ್ತರಕ್ಕೆ ಮೊಳೆ ಹೊಡೆದು ಹಾಕಿದ್ದಾರೆ. ಟೇಪಕ್ಕ ಕತ್ತೆತ್ತಿ ನೋಡುತ್ತಾರೆ. ಹೇಗನ್ನಿಸುತ್ತಿದೆ ಎಂದು ಕೇಳಿದರೆ ಮೇಲಿನ ಮೊಳೆಯತ್ತ ಕೈ ತೋರಿಸುತ್ತಾರೆ.

"ಮೂರು ವರ್ಷ ನಂದನ್ನ ಬರೀ ಕೈ ಚಾಚಿ ಇಳಿಸ್ತಿದ್ರು," ಎನ್ನುತ್ತಾರೆ. "ಈಗ ಇಳಿಸ್ಬೇಕಂದ್ರೆ ಏಣಿ ತರ್ಬೇಕು."