ಅಕ್ಕೋರ ಹೆಬ್ಬೆರಳು

ಲಕ್ಷ್ಮೇಶ್ವರದ ನಮ್ಮ ಡಾಕ್ಟರ್ ಅಕ್ಕೋರು ರೋಗಿಯ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಬಿಟ್ಟು, ತಗ್ಗು ಬಿತ್ತೋ ಇಲ್ಲವೋ ನೋಡಬೇಕು; ಬಿದ್ದು ಹಾಗೇ ಉಳಿದರೆ ಮೈಯಲ್ಲಿ ನೀರು ನಿಂತಿದೆ ಎಂದೇ ಲೆಕ್ಕ. ಆಮೇಲೆ ನಾಲಿಗೆ. ಆಮೇಲೆ, "ಒಂದಕ್ಕ ಸರಿಯಾಗಿ ಆಗತೈತೇನ್ರಿ?" ಅಷ್ಟಾಗುವವರೆಗೆ ಅವರ ನರ್ಸಾಗಿದ್ದ ನಾನು ಸಲಾಯಿನ್ ಬಾಟಲಿ ಮುಟ್ಟುವಂತಿರಲಿಲ್ಲ.

ನಮ್ಮ ಕಡೆ ಬಾಟಲಿ ತೂಗದ ಮಂಚದಲ್ಲಿ ಮಲಗಿದವನನ್ನು ಯಾರೂ ರೋಗಿ ಅನ್ನುವುದಿಲ್ಲ. ಮಾತಾಡಿಸಲು ಬಂದ ಬೀಗರು ಮೊದಲು ಮೇಲೆ ನೋಡುತ್ತಾರೆ. ತಾಕತ್ತಿನ ಔಷಧ ಬೆರೆಸಿದ ಹಳದಿ ಬಾಟಲಿಯಾದರಂತೂ ಮರ್ಯಾದೆ ಹೆಚ್ಚು. ಸಕ್ಕರೆ ಕಾಯಿಲೆಯವರೂ ಗ್ಲೂಕೋಸನ್ನೇ ಕೇಳುವರು. ಅಕ್ಕೋರು ಸಿಡುಕುತ್ತಿದ್ದರು: "ಕರಿ ಮಣ್ಣಿನ ಎರಿ ಹೊಲಕ್ಕೂ ಕೆಂಪು ಮಸಾರಿಗೂ ಒಂದ ನಮೂನಿ ನೀರ ಹಾಯಸ್ತೀರೇನು?" ವಾಂತಿ-ಭೇದಿಯಾಗಿ ಬತ್ತಿ ಬಂದವರಿಗೆ ಉಪ್ಪಿನಂಶದ ಬಾಟಲಿಯನ್ನು ತಡಮಾಡದೆ ಹಚ್ಚಿಸುವರು. ಬಾಯಿಂದ ಕುಡಿಯಬಲ್ಲವರಿಗೆ ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಮೇಲೊಂದು ಬೈಗುಳ.

ನಮ್ಮಪ್ಪನಿಗೆ ಉಬ್ಬಸ ಬಂದು ಕರೆತಂದಾಗ ಕಾಕಾ ದುಂಬಾಲು ಬಿದ್ದರು. "ನಿನ್ನಿಯಿಂದ ಉಂಡಿಲ್ರಿ. ಒಂದು ಬಾಟ್ಲಿ ಹಚ್ಚರಿ, ತಾಕತ್ತರ ಬರತೈತಿ."

ಅಕ್ಕೋರು ಅಪ್ಪನ ಕಾಲೊತ್ತಿದರು. ತಗ್ಗು ಹಾಗೇ ಉಳಿಯಿತು.

"ಇವರ ಹಾರ್ಟ್ ಸೋತೈತ್ರಿ. ಇದ್ದ ನೀರ ಹೊರಗ ಹಾಕಾಕ ಆಗವಲ್ದು, ಮ್ಯಾಲೆ ಮತ್ತ ಸುರೀಲೇನು?"

ಬಾಟಲಿಯ ಬದಲು ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಕಾಕಾ ಮುನಿಸಿಕೊಂಡು ಹೊರಗೆ ಕುಳಿತರು. ಬೇರೆ ರೋಗಿಗಳನ್ನು ನೋಡುತ್ತಲೇ ಅಕ್ಕೋರು ಮತ್ತೆ ಮತ್ತೆ ಅಪ್ಪನ ಹತ್ತಿರ ಬಂದು ಹೋದರು. ಸಂಜೆಗೆ ಉಸಿರು ಹಗುರಾಗಿ ಅಪ್ಪ ಚುರುಮುರಿ ಕೇಳಿದ. ಅಕ್ಕೋರೆಂದರೆ ಅಲ್ಲಿಯವರೆಗೆ ನನಗೆ ಅಂಜಿಕೆಯಿತ್ತು, ಅಂದಿನಿಂದ ಜೀವವಾದರು.

ಕಳೆದ ವರ್ಷ ಅಕ್ಕೋರೇ ಹಾಸಿಗೆ ಹಿಡಿದರು. ಹಾರ್ಟೂ ಕಿಡ್ನಿಯೂ ಸೋತಿದ್ದವು. ಇನ್ನು ಮಾಡುವಂಥದ್ದು ಏನೂ ಇಲ್ಲವೆಂದು ಗದಗಿನ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ನಾನು ಪಕ್ಕದಲ್ಲಿದ್ದೆ. ನೋಡಲು ಬಂದ ಶಿರಹಟ್ಟಿಯ ಅಜ್ಜಿಯೊಬ್ಬಳು ಮಂಚದ ಮೇಲೆಲ್ಲ ಕಣ್ಣಾಡಿಸಿ ನನ್ನನ್ನೇ ಗದರಿಸಿದಳು: "ಊರಿಗೆಲ್ಲಾ ಬಾಟ್ಲಿ ಹಚ್ಚಿದವ್ರಿಗೆ ನೀ ಒಂದು ಹಚ್ಚಬಾರದೇನವಾ?"

ಅಕ್ಕೋರು ಕಣ್ಣು ತೆರೆದು, ಕಾಲನ್ನು ನನ್ನ ಕಡೆ ಸರಿಸಿದರು. ಒತ್ತಿದೆ. ತಗ್ಗು ತುಂಬಲಿಲ್ಲ.

"ಯಾವುದು ಹಚ್ತಿ, ಹೇಳು."

"ಯಾವುದೂ ಹಚ್ಚಂಗಿಲ್ರಿ, ಅಕ್ಕೋರ."

"ಶಾಣ್ಯಾಕಿ ಅದಿ," ಎಂದು ನಕ್ಕರು.

ಅವರ ಬಾಯಿಂದ ಆ ಮೆಚ್ಚುಗೆಯ ಮಾತು ಕೇಳಲು ವರ್ಷಗಟ್ಟಲೆ ಕಾದಿದ್ದೆ. ಅಂದು ಮಾತ್ರ ಅದು ನನಗೆ ಬೇಡವಾಗಿತ್ತು.